ಸಮುದ್ರಕ್ಕೆ ಬಿದ್ದ ಮೂರನೆಯ ಕಲ್ಲು

ಇದು ನಡೆದದ್ದೇ. ಇದರಲ್ಲಿ ಎಲ್ಲಾದರೂ ಸುಳ್ಳಿದ್ದರೆ ಅದು ಜವಿತ್ ಹೇಳಿದ ಭಾಗದಲ್ಲಿ ಮಾತ್ರ. ತೊಂದರೆ ಏನೆಂದರೆ, ಟರ್ಕಿಯ ಈ ಕಡಲತೀರದ ಊರು ಅಲಾನ್ಯದಲ್ಲಿ ಯಾವ ಕಥೆಯನ್ನಾದರೂ ಮೊದಲು ಹೇಳುವವನು ಅವನೇ.

ಜವಿತ್ ಕೋಟೆ ತೋರಿಸುವ ಗೈಡು. ಬಾಯಿ ತೆರೆದರೆ ಐದಾರು ಭಾಷೆ, ಮುಚ್ಚಿದ್ದನ್ನು ಕಂಡವರಿಲ್ಲ. ಜರ್ಮನಿಯ ಪಿಂಚಣಿದಾರರು ಮೆಟ್ಟಿಲು ಹತ್ತುತ್ತ ಸ್ವಂತ ಮಂಡಿಗೆ ಬೈಯುವುದು, ರಷ್ಯದ ಹೆಂಗಸರು ರೇಷ್ಮೆ ಶಾಲಿಗೆ ಚೌಕಾಸಿ ಮಾಡುವಾಗ ಮನೆಯಲ್ಲಿ ಸಾವಾದವರ ಹಾಗೆ ಮುಖ ಬಾಡಿಸಿಕೊಳ್ಳುವುದು, ಮೀನಂಗಡಿಯ ಮುಂದೆ ಮುದಿ ಬೆಕ್ಕು ಪ್ರಾರ್ಥನೆಗೆ ಕೂತಂತೆ ಕೂರುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದ. ಅಂಥವನಿಗೂ ಆ ಏಪ್ರಿಲ್‌ನಲ್ಲಿ ಒಂದು ಚಿಂತೆ ಹತ್ತಿತ್ತು. ಆ ಚಿಂತೆಯ ಹೆಸರು ಬೆದ್ರಿ.

ಬೆದ್ರಿ ಅವನ ಅಕ್ಕ ನೆಬಾಹತ್‌ಳ ಗಂಡ. ಮೀಸೆ ಚಿಗುರಿದಾಗಿನಿಂದ ಕೋಟೆಯ ಬುಡದ ಸಮುದ್ರದಲ್ಲಿ ದೋಣಿ ನಡೆಸಿದವನು. ಕಡಲುಗಳ್ಳರ ಗುಹೆ, ಪ್ರೇಮಿಗಳ ಗುಹೆ, ಹಳೆಯ ಹಡಗುಕಟ್ಟೆ ಎಂದು ಟೂರಿಸ್ಟರನ್ನು ಸುತ್ತಿಸಿ, ನೀರು ಹಸಿರಾಗುವ ಕಡೆ ಈಜಲು ಬಿಟ್ಟು, ಅಷ್ಟರಲ್ಲಿ ಅವರಿಗೆ ಮೀನು ಸುಟ್ಟು ಕೊಡುತ್ತಿದ್ದ. ಹೋದ ಬೇಸಗೆಯಲ್ಲಿ ಅವನ ಎದೆಯನ್ನು ಸೀಳಿ, ಕಾಲಿನ ರಕ್ತನಾಳ ತಂದು ಹೃದಯಕ್ಕೆ ಜೋಡಿಸಿ, ಮೂಳೆಯನ್ನು ತಂತಿಯಲ್ಲಿ ಕಟ್ಟಿ ಮುಚ್ಚಿದ್ದರು. ಈಗ ಮೂಳೆ ಕೂಡಿಕೊಂಡಿದೆ, ಈಜು, ಬೆಟ್ಟ ಹತ್ತು, ದೋಣಿ ನಡೆಸು ಎಂದು ಡಾಕ್ಟರು ಹೇಳಿ ಕಳಿಸಿದರು. ಬೆದ್ರಿ ನಂಬಲಿಲ್ಲ. ಸಮುದ್ರಕ್ಕೆ ಎದೆಯೊಡ್ಡಿದವನು ಈಗ ಕೆಮ್ಮಬೇಕಾದರೂ ಎದೆಯ ಅಪ್ಪಣೆ ಕೇಳುತ್ತಿದ್ದ. ಅಂಗಿಯ ಗುಂಡಿಗಳ ಮೇಲೆ ಅಂಗೈ ಇಟ್ಟುಕೊಂಡೇ ಓಡಾಡುತ್ತಿದ್ದ. ಒಟ್ಟಿನಲ್ಲಿ ಬೆದ್ರಿ ಬೆದರಿದ್ದ.

ದೋಣಿ ಬಂದರಿನ ದಡದಲ್ಲಿ ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಬಾಕಿ ದೋಣಿಗಳು ಬಣ್ಣ ಹಚ್ಚಿಸಿಕೊಂಡು ಒಂದೊಂದಾಗಿ ನೀರಿಗಿಳಿಯುತ್ತಿದ್ದವು. ಬೆದ್ರಿ ಮಾತ್ರ ಮಾನವ್‌ಗಾತ್ ಊರಿನ ಒಬ್ಬನಿಗೆ ದೋಣಿ ಮಾರಲು ಮಾತುಕೊಟ್ಟಿದ್ದ. ಕೊಳ್ಳುವವನು ಅದಕ್ಕೆ ತಲೆಬುರುಡೆಯ ಬಾವುಟ ಕಟ್ಟಿ, ಜಾರುಬಂಡಿ ಇಟ್ಟು, ಟೂರಿಸ್ಟರನ್ನು ಸೋಪಿನ ನೊರೆಯಲ್ಲಿ ಕುಣಿಸುವ ಕಡಲುಗಳ್ಳರ ಹಡಗು ಮಾಡುತ್ತಾನಂತೆ. ಶುಕ್ರವಾರ ಬಂದು ಒಯ್ಯುವುದೆಂದು ಗೊತ್ತಾಗಿತ್ತು.

ನೆಬಾಹತ್ ಕೋಟೆಯೊಳಗಿನ ಓಣಿಯಲ್ಲಿ ಸೋರೆಬುರುಡೆಗೆ ತೂತು ಕೊರೆದು ದೀಪ ಮಾಡಿ ಮಾರುವವಳು. ಆ ಸೋಮವಾರ ಜವಿತ್ ಅವಳ ಅಂಗಡಿಗೆ ಹೋದಾಗ ಅವಳು ಕೊರೆಯುವುದನ್ನು ನಿಲ್ಲಿಸಿ ಹೇಳಿದಳು: “ದೋಣಿ ಹೋದ್ರೆ ಹೋಗ್ಲಿ ಕಣೋ. ಆದ್ರೆ ನಿಮ್ಮ ಭಾವ ಆ ಬಾಲ್ಕನೀಲಿ ಕೂತು, ತಮ್ಮ ನಾಡಿ ತಾವೇ ಹಿಡ್ಕೊಂಡು ಉಳಿದ ಆಯಸ್ಸು ಕಳೀತಾರಲ್ಲ, ಅದನ್ನ ನಾನು ನೋಡಲಾರೆ.”

ಜವಿತ್ ನೇರ ಬಂದರಿನ ಚಹಾದಂಗಡಿಗೆ ಇಳಿದ. ಬೆದ್ರಿ ಅಲ್ಲಿ ತಾವ್ಲಾ ಎಂಬ ಪಗಡೆಯಂಥ ಆಟ ನೋಡುತ್ತ ಕೂತಿದ್ದ. ದಾಳ ಎಸೆಯಲೂ ತೋಳು ಬೀಸಬೇಕಾಗುತ್ತದೆಂದು ಆಡುತ್ತಿರಲಿಲ್ಲ. ಜವಿತ್ ಮಾನವ್‌ಗಾತಿನವನ ಹಾಗೆ ಹೊಟ್ಟೆ ಮುಂದೆ ಬಿಟ್ಟು, ಮೇಜನ್ನೇ ದೋಣಿ ಮಾಡಿಕೊಂಡು ತಟ್ಟಿ ನೋಡಿದ, ಮೂಸಿ ನೋಡಿದ, ಈ ಕಾಲಿಗೆ ಗೆದ್ದಲು ಎಂದ. ಅಂಗಡಿಯವರೆಲ್ಲ ನಕ್ಕರು. ಬೆದ್ರಿಗೆ ರೇಗಿತು. ಲೋಟ ಕೆಳಗಿಟ್ಟು ಹೇಳಿದ: “ಮೇಲಿನ ಕೋಟೆಯಿಂದ ನಾನು ಎಸೆದ ಕಲ್ಲು ಸಮುದ್ರಕ್ಕೆ ಬೀಳಲಿ, ಅವತ್ತು ದೋಣಿ ಇಳಿಸ್ತೀನಿ. ಈಗ ಹೋಗು.”

ಅಲಾನ್ಯದಲ್ಲಿ ಈ ಮಾತಿಗೆ ಅರ್ಥ ಒಂದೇ: ಆಗುವುದಿಲ್ಲ. ಮೇಲಿನ ಕೋಟೆಯ ಗೋಡೆಯ ಒಂದು ಮೂಲೆಯಿಂದ ಹಿಂದೆ ಕೈದಿಗಳನ್ನು ಕೆಳಗೆ ತಳ್ಳುತ್ತಿದ್ದರಂತೆ. ತಳ್ಳುವ ಮೊದಲು ಕೈಗೆ ಮೂರು ಕಲ್ಲು ಕೊಡುವುದು. ಒಂದು ಸಮುದ್ರಕ್ಕೆ ಬಿದ್ದರೂ ಜೀವದಾನ. ಸಮುದ್ರ ಕಣ್ಣಿಗೆ ಕಾಲ ಬುಡದಲ್ಲೇ ಇದೆ ಅನ್ನಿಸುತ್ತದೆ, ಕಲ್ಲಿಗೆ ಹಾಗನ್ನಿಸುವುದಿಲ್ಲ. ಯಾರು ಎಸೆದರೂ ಬಂಡೆಯ ಇಳಿಜಾರಿನ ಪೊದೆಗಳಲ್ಲೇ ಉಳಿಯುತ್ತದೆ.

ಜವಿತ್ ಎದ್ದು ನಿಂತು, ಎಲ್ಲರಿಗೂ ಕೇಳಿಸಿತು ತಾನೆ, ಕ್ಯಾಪ್ಟನ್ ಮಾತು ಕೊಟ್ಟಿದ್ದಾರೆ, ನಾಳೆ ಬೆಳಿಗ್ಗೆ ಮೂರು ಕಲ್ಲು ಎಂದ. ಬೆದ್ರಿ ಲೆಕ್ಕ ಹಾಕಿದ: ಹಿಂದೆಗೆದರೆ ಮರ್ಯಾದೆ ಹೋಗುತ್ತದೆ, ಹೋಗಿ ಎಸೆದರೆ ಪೀಡೆ ತೊಲಗುತ್ತದೆ. ಎಸೆದು ಮುಗಿಸುತ್ತೇನೆ, ಆಮೇಲೆ ನನ್ನ ತಂಟೆಗೆ ಬರಬಾರದು ಎಂದ ಬೆದ್ರಿ.

ಸಂಜೆ ಜವಿತ್ ರಾಸಿಮ್‌ನನ್ನು ಹುಡುಕಿಕೊಂಡು ಹೋದ. ರಾಸಿಮ್ ತೀರದಲ್ಲಿ ಕಯಾಕ್ ಎಂಬ ಸಣ್ಣ ಹುಟ್ಟುದೋಣಿ ಬಾಡಿಗೆಗೆ ಕೊಡುವವನು. ಅವನ ಗಾತ್ರಕ್ಕೆ ಹೊಂದುವ ಕಯಾಕ್ ಅವನ ಹತ್ತಿರವೇ ಇರಲಿಲ್ಲ. ಕೋಟೆಯ ಬುಡದ ಬಂಡೆಯ ಮರೆಯಲ್ಲಿ ಅವನು ಕಾದಿರಬೇಕು. ಮೇಲೆ ಮೂರನೆಯ ಕಲ್ಲು ಎಸೆದ ಕೂಡಲೇ ಜವಿತ್ ತನ್ನ ಹಳದಿ ಕೊಡೆ ಬಿಚ್ಚುತ್ತಾನೆ. ಆಗ ರಾಸಿಮ್ ಮೊಣಕಾಲು ಮಡಚಿಕೊಂಡು ನೀರಿಗೆ ಬೀಳಬೇಕು, ಬಿದ್ದ ಮೇಲೆ ಮುಳುಗಿ ಗುಹೆಯೊಳಗೆ ನುಸುಳಬೇಕು.

“ಒಂದು ದಪ್ಪ ಕಲ್ಲು ಹಾಕಿದ್ರೆ ಸಾಲ್ದಾ? ನಾನ್ಯಾಕೆ ಬೀಳ್ಬೇಕು? ನೀರು ಇನ್ನೂ ಐಸಾಗಿದೆ” ಎಂದ ರಾಸಿಮ್.

“ಅಷ್ಟೆತ್ತರದಿಂದ ಕಲ್ಲು ಬಿದ್ದಿದ್ದು ಕಾಣಲ್ಲ ಮಾರಾಯ. ನೀನು ಬಿದ್ರೆ ಸೈಪ್ರಸ್‌ನಿಂದ್ಲೂ ಕಾಣುತ್ತೆ.”

“ಮೇಲಿಂದ ನಿಜವಾಗ್ಲೂ ಕಲ್ಲು ಬಂದು ತಲೆಗೆ ಬಿದ್ರೆ?”

“ಸುಲ್ತಾನರ ಕಾಲದಿಂದ ಬಂದಿಲ್ಲ. ನಿನಗೋಸ್ಕರ ಬರುತ್ತಾ?”

ಬೆಳಿಗ್ಗೆ ಭಾವ ಮೈದುನ ಕೇಬಲ್ ಕಾರಿನಲ್ಲಿ ಕೂತರು. ಕೆಳಗೆ ಸ್ಪೀಡ್ ಬೋಟಿನ ಹಿಂದೆ ಇಬ್ಬರು ಟೂರಿಸ್ಟರು ಪ್ಯಾರಾಚೂಟಿಗೆ ಜೋತುಬಿದ್ದು ಕಿರುಚುತ್ತಿದ್ದರು. ಬೆದ್ರಿ ಅವರನ್ನು ನೋಡಲಿಲ್ಲ, ಕಣ್ಣು ಮುಚ್ಚಿ ಎದೆಯ ಮೇಲೆ ಅಂಗೈ ಒತ್ತಿಕೊಂಡಿದ್ದ. ಇಳಿದ ಮೇಲೆ ಏರುದಾರಿ. ಪ್ರತಿ ತಿರುವಿನಲ್ಲೂ ನಿಲ್ಲುತ್ತಿದ್ದ, ನಿಂತಾಗಲೆಲ್ಲ ನೋಟ ಚೆನ್ನಾಗಿದೆ ಎನ್ನುತ್ತಿದ್ದ, ಮುಂದೆ ಇದ್ದದ್ದು ಬರೀ ಗೋಡೆಯಾದರೂ. ಜವಿತ್‌ಗೆ ತಮಾಷೆ ಮಾಡಬೇಕೆನ್ನಿಸಿತು, ಮಾಡಲಿಲ್ಲ. ಈ ಮನುಷ್ಯ ಒಂದು ಕಾಲಕ್ಕೆ ಲಂಗರಿನ ಸರಪಳಿಯನ್ನು ಒಂದೇ ಕೈಯಲ್ಲಿ ಎಳೆಯುತ್ತಿದ್ದ. ಈಗ ಹೆಜ್ಜೆಯನ್ನು ಮೊಟ್ಟೆಯ ಹಾಗೆ ಇಡುತ್ತಿದ್ದ.

ಓಣಿಯಲ್ಲಿ ನೆಬಾಹತ್ ಅಂಗಡಿಗೆ ಬಟ್ಟೆ ಇಳಿಬಿಟ್ಟು ಜೊತೆಯಾದಳು. ಮೋಸದ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಗಂಡ ಇಷ್ಟು ದೂರ ನಡೆದು ಬಂದಿದ್ದೇ ಅವಳಿಗೆ ಹಬ್ಬ. ದಾರಿಯುದ್ದಕ್ಕೂ ನೆರಳಿನಲ್ಲಿ ಬನ್ನಿ ಎನ್ನುತ್ತ ನಡೆದಳು.

ಗೋಡೆಯ ಹತ್ತಿರ ಪೋಲೆಂಡಿನ ಟೂರಿಸ್ಟರ ಗುಂಪೊಂದಿತ್ತು. ಕಲ್ಲು ಎಸೆಯಬಾರದೆಂಬ ಫಲಕಕ್ಕೆ ಒರಗಿಯೇ ಅವರು ಎಸೆಯುತ್ತಿದ್ದರು. ಜವಿತ್ ತನ್ನ ಭಾವನನ್ನು ಪರಿಚಯಿಸಿದ: ಸಮುದ್ರದ ಹಳೆಯ ನೆಂಟ, ಇವತ್ತು ತನ್ನ ದೋಣಿಯ ಜೀವ ಉಳಿಸಿಕೊಳ್ಳಲು ಬಂದಿದ್ದಾನೆ. ಅವರೆಲ್ಲ ಜಾಗ ಬಿಟ್ಟು ಸಾಲಾಗಿ ನಿಂತರು.

ಮೊದಲ ಕಲ್ಲನ್ನು ಬೆದ್ರಿ ಮೊಣಕೈ ಅಲುಗಿಸದೆ, ಕೋಳಿಗೆ ಕಾಳು ಹಾಕುವವನ ಹಾಗೆ ಬಿಟ್ಟ. ಅದು ಗೋಡೆಯ ಬುಡದಲ್ಲೇ ಕೂತಿತು. ಎರಡನೆಯದು ಸ್ವಲ್ಪ ದೂರ ಹೋಗಿ ಪೊದೆಯೊಳಗೆ ಮಲಗಿತು. ಪೋಲೆಂಡಿನವರು ಅಯ್ಯೋ ಎಂದರು. ಇಷ್ಟೇ, ನೋಡಿದೆಯಲ್ಲ ಎಂಬಂತೆ ಬೆದ್ರಿ ಹೆಂಡತಿಯ ಕಡೆ ತಿರುಗಿದ. ಅವಳು ಸಮುದ್ರ ನೋಡುತ್ತಿದ್ದಳು. ಆ ಮುಖ ಕಂಡು ಅವನಿಗೆ ಏನನ್ನಿಸಿತೋ, ಮೂರನೆಯ ಕಲ್ಲನ್ನು ಕೈಯಲ್ಲಿ ತೂಗಿ ನೋಡಿದ. ಕಾಲು ಅಗಲಿಸಿ ನಿಂತ. ಎದೆಯ ಮೇಲಿನ ಅಂಗೈ ತೆಗೆದ. ತೋಳನ್ನು ಹಿಂದಕ್ಕೆ ಎಳೆದು, ಉಸಿರು ಹಿಡಿದು, ಬೀಸಿದ.

ಜವಿತ್ ಕೊಡೆ ಬಿಚ್ಚಿದ.

ಕೆಳಗೆ ನೀಲಿಯ ಮೇಲೆ ಬೆಳ್ಳಗೆ ಒಂದು ದೊಡ್ಡ ಹೂವು ಅರಳಿತು. ಪೋಲೆಂಡಿನವರು ಕೂಗಿದರು, ಚಪ್ಪಾಳೆ ತಟ್ಟಿದರು, ಒಬ್ಬ ಮುದುಕ ಟೋಪಿ ತೆಗೆದ. ನೆಬಾಹತ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಬಿತ್ತು ಭಾವ, ಬಿತ್ತು ಎಂದು ಜವಿತ್ ಕುಣಿದ.

ಬೆದ್ರಿ ಮಾತ್ರ ಅಲುಗಲಿಲ್ಲ. ಸಮುದ್ರ ನೋಡಿದ, ಮೈದುನನನ್ನು ನೋಡಿದ, ಆಮೇಲೆ ಮುಷ್ಟಿಯನ್ನು ಮುಂದೆ ಚಾಚಿ ನಿಧಾನವಾಗಿ ಬಿಚ್ಚಿದ. ಕಲ್ಲು ಅಲ್ಲೇ ಇತ್ತು.

“ಕೈ ಬಿಡ್ಲಿಲ್ಲ ಕಣೋ. ಎದೆ ಬಿಚ್ಕೊಳ್ಳುತ್ತೆ ಅನ್ನಿಸ್ಬಿಡ್ತು” ಎಂದ.

ಜವಿತ್‌ನ ಕುಣಿತ ಅರ್ಧಕ್ಕೇ ನಿಂತಿತು. ಸಿಕ್ಕಿಬಿದ್ದ ನಾಚಿಕೆಗಿಂತ ಆ ಮಾತು ಅವನನ್ನು ಹೆಚ್ಚು ಚುಚ್ಚಿತು. ಇವನಿಗಿರುವುದು ಸೋಮಾರಿತನ, ಹಟ, ಬರೀ ನೆಪ ಎಂದುಕೊಂಡಿದ್ದ. ಒಂದು ಕಲ್ಲನ್ನೂ ಕೈಬಿಡಲಾಗದಷ್ಟು ಭಯ ಒಳಗಿರುವುದು ಅವನಿಗೆ ಹೊಳೆದೇ ಇರಲಿಲ್ಲ. ಬಿಚ್ಚಿದ ಕೊಡೆ ತಲೆಯ ಮೇಲೆ ಹಾಗೆಯೇ ಇತ್ತು.

ಅಷ್ಟರಲ್ಲಿ ಕೆಳಗೆ ನೊರೆಯ ನಡುವಿನಿಂದ ಒಂದು ಬುರುಡೆ ಮೇಲೆದ್ದಿತು. ಗುಹೆಗೆ ನುಸುಳಬೇಕೆಂಬುದು ಅದಕ್ಕೆ ಮರೆತೇ ಹೋಗಿತ್ತು. ಎರಡು ಕೈ ಎತ್ತಿ, ಗೆದ್ದ ಕುಸ್ತಿಯವನ ಹಾಗೆ ಕೋಟೆಯತ್ತ ಬೀಸತೊಡಗಿತು.

ಬೆದ್ರಿ ಗೋಡೆಯ ಮೇಲೆ ಬಗ್ಗಿ ನೋಡಿದ. “ಅದು ನಮ್ಮ ರಾಸಿಮ್ ತಾನೆ?”

ಜವಿತ್ ಹೌದೆಂದು ತಲೆಯಾಡಿಸಿದ.

“ನನ್ನ ಕಲ್ಲು ಅವನಾ?”

ಮೊದಲು ಬೆದ್ರಿಯ ಭುಜ ಅದುರಿತು. ಆಮೇಲೆ ಗಂಟಲಿನಿಂದ ತುಕ್ಕು ಹಿಡಿದ ಎಂಜಿನ್ ತಿರುಗಿದಂಥ ಸದ್ದು ಬಂತು. ನೆಬಾಹತ್ ಓಡಿಬಂದು ತೋಳು ಹಿಡಿದಳು. “ರೀ, ಎದೆ, ನಿಮ್ಮೆದೆ” ಎಂದಳು. ಅವನು ಕೈ ಬೀಸಿ ಅವಳನ್ನು ತಡೆದ. ಗೋಡೆ ಹಿಡಿದು ಬಗ್ಗಿದ, ನೆಟ್ಟಗಾದ, ಕೆಳಗೆ ಇನ್ನೂ ಬೀಸುತ್ತಿದ್ದ ಕೈಗಳನ್ನು ಕಂಡು ಮತ್ತೆ ಬಗ್ಗಿದ. ಕಣ್ಣಲ್ಲಿ ನೀರು ಬಂತು. ಬೀಳ್ತೀನಿ ಹಿಡ್ಕೊಳ್ಳೇ ಎಂದು ಹೆಂಡತಿಗೆ ಹೇಳುವಾಗಲೂ ನಗು ನಿಲ್ಲಲಿಲ್ಲ. ಆ ನಗುವಿನಲ್ಲೇ, ಏನು ಮಾಡುತ್ತಿದ್ದೇನೆಂದು ಕೈಗೆ ತಿಳಿಯುವ ಮೊದಲೇ, ತೋಳು ಬೀಸಿ ಮುಷ್ಟಿಯ ಕಲ್ಲನ್ನು ರಾಸಿಮ್‌ನ ಕಡೆ ಒಗೆದುಬಿಟ್ಟ. ಅದು ಗೋಡೆ ದಾಟಿ, ಪೊದೆ ದಾಟಿ, ಬಂಡೆಯ ತುದಿಗೆ ಬಡಿದು ಅಲ್ಲೇ ಉಳಿಯಿತು.

ಅಂಗೈಯಿಂದ ಎದೆ ಮುಟ್ಟಿ ನೋಡಿಕೊಂಡ. ತೆರೆದಿರಲಿಲ್ಲ. ಇನ್ನೊಮ್ಮೆ ಮುಟ್ಟಿ ನೋಡಿದ.

ಪೋಲೆಂಡಿನ ಮುದುಕ ಜವಿತ್‌ನ ತೋಳು ಜಗ್ಗಿ, ಏನಾಯಿತು, ಈ ಕಲ್ಲು ಬಿದ್ದಿತೋ ಇಲ್ಲವೋ ಎಂದು ಕೇಳಿದ. ಜವಿತ್ ಭಾವನ ಮುಖ ನೋಡಿದ.

“ಬಿತ್ತು ಅನ್ನೋ” ಎಂದ ಬೆದ್ರಿ ಕಣ್ಣೊರೆಸಿಕೊಳ್ಳುತ್ತ. “ಇಷ್ಟು ಜನ ನೋಡಿದಾರೆ, ನಾನು ಮಾತಿಗೆ ತಪ್ಪೋಕಾಗುತ್ತಾ? ಮಾನವ್‌ಗಾತಿನವನಿಗೆ ಫೋನ್ ಮಾಡಿ ಬರಬೇಡ ಅನ್ನು. ದೋಣಿಗೆ ಬಣ್ಣ ನೀನೂ ಆ ರಾಸಿಮ್ಮೂ ಹಚ್ತೀರಿ.”

ಜವಿತ್ ಇದನ್ನೆಲ್ಲ ಪೋಲಿಷ್ ಭಾಷೆಗೆ ತಿರುಗಿಸಿದ. ರಾಸಿಮ್ ನೀರಿಗೆ ಬಿದ್ದ ರೀತಿಯನ್ನು ಭಾಷೆ ಸಾಲದೆ ಕೊಡೆ ಮಡಚಿ, ಮೊಣಕಾಲು ಅಪ್ಪಿಕೊಂಡು ಎಗರಿ ತೋರಿಸಿದ. ಟೂರಿಸ್ಟರು ನಕ್ಕರು, ನೆಬಾಹತ್ ಅಳುತ್ತಲೇ ನಕ್ಕಳು. ಎಲ್ಲರಿಗಿಂತ ಜೋರಾಗಿ, ಎರಡೂ ಕೈ ಗೋಡೆಯ ಮೇಲೂರಿ, ಎದೆ ತುಂಬ ನಗುತ್ತಿದ್ದವನು ಬೆದ್ರಿ.