ಅಂಗೈಯ ಬಾಗು

೨೦೦೩ರ ಮಾರ್ಚ್ ೯, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ದೇವರಮನೆಯ ಹೊಸ್ತಿಲಾಚೆ ಅಪ್ಪ ಕೈಯಿಂದ ಬಿಚ್ಚಿಟ್ಟ ಸ್ಪ್ಲಿಂಟ್ ಬಿದ್ದಿತ್ತು. ಒಳಗೆ ಅವರು ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಉಂಗುರದ ಬೆರಳು ಲಿಂಗದ ಕಡೆಗೆ ಬಾಗಿತ್ತು.

ಡಿಸೆಂಬರಿನಲ್ಲಿ ಕಾದ ಕಾವಲಿಯ ಮೇಲೆ ಊರಿದ ಕೈ ಅದು. ಚರ್ಮ ಕಸಿ ಮಾಡಿದ ಮೇಲೆ ಅಂಗೈ ಮುದುಡದಂತೆ ಫಿಸಿಯೋಥೆರಪಿಯ ಮಹಾಂತೇಶ್ ಪ್ಲಾಸ್ಟಿಕ್ಕಿನ ಸ್ಪ್ಲಿಂಟ್ ಮಾಡಿಕೊಟ್ಟಿದ್ದರು. ಬೆರಳಿನ ಬಾಗು ನಲವತ್ತೈದು ಡಿಗ್ರಿ ದಾಟಿದರೆ ಮತ್ತೆ ಆಪರೇಷನ್ ಎಂದಿದ್ದರು.

ಕಾಲು ಗಂಟೆಯ ಪೂಜೆ ಈಗ ಒಂದೂವರೆ ಗಂಟೆಯಾಗಿದೆಯೆಂದು ಅಮ್ಮ ಅಡುಗೆಮನೆಯಿಂದಲೇ ಹೇಳಿದರು.

"ಕೈ ಮುಚ್ಚೋದ್ರೊಳಗೆ ಆದಷ್ಟು ಮಾಡ್ಕೋಬೇಕಂತೆ ಕಣೆ. ಬಸ್ಸು ತಪ್ಪೋಗೋ ಹಾಗೆ."

ಪೂಜೆ ಮುಗಿದ ಮೇಲೆ ಕೋನಮಾಪಕವಿಟ್ಟು ನೋಡಿದೆ. ಹಿಂದಿನ ವಾರ ಮೂವತ್ನಾಲ್ಕು ಇದ್ದದ್ದು ನಲವತ್ತಕ್ಕೆ ಬಂದಿತ್ತು.

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಅಪ್ಪನಿಗೂ ಹೇಳಿದೆ: ಗಾಯ ಕೂಡಿಸುವ ಜೀವಕೋಶಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡುವುದಿಲ್ಲ. ಸುತ್ತಲಿನ ನಾರಿನ ಬಲೆಯನ್ನು ಹಿಡಿದು, ಅದರ ಬಿಗುವನ್ನು ತಿಳಿದು, ಅದಕ್ಕೆ ತಕ್ಕಂತೆ ನಡೆಯುತ್ತವೆ. ಬಲೆ ಸಡಿಲವಾದರೆ ಅದನ್ನು ಒಳಕ್ಕೆಳೆದು ಅಲ್ಲೇ ಗಟ್ಟಿ ಮಾಡುತ್ತವೆ. ಚಾಚಿ ಹಿಡಿದರೆ ಹೊಸ ನಾರನ್ನು ಅಷ್ಟುದ್ದಕ್ಕೇ ಹಾಸುತ್ತವೆ. ಸ್ಪ್ಲಿಂಟ್ ಬಿಚ್ಚಿಟ್ಟ ಹೊತ್ತಿನಲ್ಲಿ ಅವು ಸುಮ್ಮನಿರುವುದಿಲ್ಲ.

ಅಪ್ಪ ಪೂರ್ತಿ ಕೇಳಿಸಿಕೊಂಡರು.

"ಲಿಂಗಕ್ಕೂ ಅಂಗೈಗೂ ಮಧ್ಯೆ ಪ್ಲಾಸ್ಟಿಕ್ ಇಟ್ಕೊಂಡು ಕೂರಕ್ಕಾಗಲ್ಲ ಕಣಮ್ಮ. ಕೈಯೇ ಮುಚ್ಚೋದ್ರೆ ಆಮೇಲೆ ಎಲ್ಲಿಡ್ಲಿ?"



ಮರುದಿನವೇ ಮಹಾಂತೇಶರನ್ನು ಮನೆಗೆ ಕರೆತಂದೆ. ವಿಷಯ ಕೇಳಿ ಅವರು ಹಣೆ ಒತ್ತಿಕೊಂಡರು.

"ನಾನೂ ಲಿಂಗ ಕಟ್ಟಿರೋನೇ ಅಲ್ವೇನ್ರೀ, ತಲೆಗೆ ಹೊಳೀಲೇ ಇಲ್ಲ."

ಹೊಸ ಸ್ಪ್ಲಿಂಟ್ ಮುಂಗೈಯ ಹಿಂಬದಿಯಿಂದ ಬೆರಳತುದಿಯವರೆಗೆ ಬಂತು. ಬೆರಳುಗಳ ಮೇಲೆ ಮಾತ್ರ ಅಂಟಿಸಿ ಬಿಚ್ಚುವ ಬಟ್ಟೆಯ ಪಟ್ಟಿಗಳು, ಅಂಗೈ ಬರಿದು. ಪಟ್ಟಿಗಳನ್ನು ದಿನಾ ಒಗೆದು ಮಡಿ ಮಾಡಬಹುದೇ ಎಂದಷ್ಟೇ ಅಪ್ಪ ಕೇಳಿದರು.

ಮೂರು ವಾರ ಅಳೆಯಬೇಡಿ, ಗಾಬರಿ ಹೆಚ್ಚುತ್ತದೆ ಎಂದು ಮಹಾಂತೇಶ್ ಹೇಳಿಹೋದರು. ಅಳೆಯದೆಯೂ ಗಾಬರಿ ಹೆಚ್ಚಿತು. ಚಾಚಿ ಹಿಡಿಯುವುದು ತಡವಾಯಿತೇ, ಒಳಗೆ ಆಗಲೇ ಗಟ್ಟಿಯಾಗಿಬಿಟ್ಟಿದೆಯೇ ಎಂದು ದಿನವೂ ಲೆಕ್ಕ ಹಾಕುತ್ತಿದ್ದೆ. ಪಟ್ಟಿ ಕಿತ್ತ ಪರ್ರೆಂಬ ಸದ್ದು ಬರುತ್ತದೇನೋ ಎಂದು ಬೆಳಿಗ್ಗೆ ದೇವರಮನೆಯ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಒಂದು ದಿನ ಬಂತು. ಇಣುಕಿದರೆ, ಅಪ್ಪ ಸಡಿಲವಾದ ಪಟ್ಟಿಯನ್ನು ಹಲ್ಲಿನಲ್ಲಿ ಎಳೆದು ಬಿಗಿ ಮಾಡಿಕೊಳ್ಳುತ್ತಿದ್ದರು.

ಮಾರ್ಚ್ ಮೂವತ್ತೊಂದರಂದು ಅಪ್ಪ ತಾವೇ ಬಂದು ಎದುರಿಗೆ ಕೂತು, ಕೈ ಚಾಚಿ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಪಟ್ಟಿಗಳನ್ನು ಬಿಚ್ಚಿ ಕೋನಮಾಪಕವಿಟ್ಟೆ.

ಉಂಗುರದ ಬೆರಳಿನ ಬಾಗು ಮೂವತ್ತೇಳು ಡಿಗ್ರಿ.