ಪಟ್ಟದ ಗೊಂಬೆಯ ಫೋಟೋ

ಈ ಸಲದ ನವರಾತ್ರಿಯಲ್ಲಿ ಜಯಲಕ್ಷ್ಮಿಪುರಂನ ಸಾಮಾಜಿಕ ಬದುಕನ್ನು ಬುಡಸಮೇತ ಅಲ್ಲಾಡಿಸಿದ ಒಂದು ನಿರ್ಣಯವನ್ನು ಇಲ್ಲಿ ದಾಖಲಿಸಬೇಕಾಗಿದೆ. ಗೊಂಬೆ ಸ್ಪರ್ಧೆಯ ತೀರ್ಪುಗಾರರು ಇನ್ನು ಮುಂದೆ ಯಾರ ಮನೆಗೂ ಬರುವುದಿಲ್ಲ, ಮನೆಗೊಂದು ಫೋಟೋ ವಾಟ್ಸಾಪಿಗೆ ಕಳಿಸಿದರೆ ಸಾಕು, ತಿದ್ದಿದ ಫೋಟೋ ಸ್ವೀಕರಿಸುವುದಿಲ್ಲ ಎಂದು ಮಹಿಳಾ ಸಂಘ ಪ್ರಕಟಿಸಿತು. ಕಾರಣ ತಿಳಿಸಲಿಲ್ಲ. ಹೋದ ವರ್ಷ ಹೋದ ಹೋದ ಮನೆಯಲ್ಲೆಲ್ಲ ರವೆ ಉಂಡೆ, ಕೋಡುಬಳೆ ತಿಂದ ತೀರ್ಪುಗಾರರು ಅರ್ಧ ಬಡಾವಣೆಯನ್ನು ನೋಡದೆಯೇ ಬಹುಮಾನ ಘೋಷಿಸಿದ್ದು ಎಲ್ಲರಿಗೂ ಗೊತ್ತಿತ್ತು.

ರಮಾಮಣಿಯವರಿಗೆ ಮಾತ್ರ ಈ ಸುದ್ದಿ ಕೇಳಿ ಸಂತೋಷವಾಯಿತು. ಎದುರುಮನೆಯ ಮೈತ್ರೇಯಿ ಪ್ರತಿವರ್ಷವೂ ಬಹುಮಾನದಲ್ಲಿ ಅವರಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತಿದ್ದರು. ಮೈತ್ರೇಯಿಯ ಗೊಂಬೆಗಳಿಗೆ ಮೋಟಾರಿತ್ತು, ನಾದಸ್ವರದ ರೆಕಾರ್ಡಿತ್ತು. ಫೋಟೋದಲ್ಲಿ ಎರಡೂ ಬರುವುದಿಲ್ಲ. ರಮಾಮಣಿಯವರ ಬಳಿ ಇದ್ದದ್ದು ಅವರ ಅತ್ತೆಯಿಂದ ಬಂದ ಪಟ್ಟದ ಗೊಂಬೆ, ರಕ್ತಚಂದನದ ರಾಜ ರಾಣಿ. ರಾಣಿಯ ತುಟಿಯಲ್ಲಿ ಒಂದು ಸಣ್ಣ ನಗುವಿತ್ತು. ಹತ್ತಿರ ಹೋದವರಿಗೆ ಮಾತ್ರ ಕಾಣುವ ನಗು. ಉಂಡೆಯ ತಟ್ಟೆ ಹಿಡಿದ ತೀರ್ಪುಗಾರರು ಯಾರೂ ಅಷ್ಟು ಹತ್ತಿರ ಹೋಗಿರಲಿಲ್ಲ. ಈ ವರ್ಷವಾದರೂ ಮೈತ್ರೇಯಿಗಿಂತ ಮೇಲೆ ಬರಬೇಕು, ಅದೂ ಆ ನಗುವಿನ ಬಲದಿಂದ, ಎಂದು ಅವರು ತೀರ್ಮಾನಿಸಿದರು.

ಫೋಟೋ ಕಳಿಸಬೇಕಾದ ಕೊನೆಯ ದಿನದ ಬೆಳಿಗ್ಗೆ ಪತಿ ಗೋವಿಂದರಾಜು ಫೋಟೋ ತೆಗೆದರು. ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗದಲ್ಲಿ ನಿವೃತ್ತರಾದ ಅವರಿಗೆ ಯಾವುದೂ ಬಿಟ್ಟುಹೋಗಬಾರದೆಂಬ ನಿಯಮವಿತ್ತು. ಹಜಾರದ ಕೊನೆಯ ಗೋಡೆಗೆ ಬೆನ್ನು ಹಚ್ಚಿ, ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು, ಫ್ಲ್ಯಾಶು ಎಲ್ಲವನ್ನೂ ಹಾಕಿ ಒತ್ತಿದರು.

"ಏನ್ರೀ ಇದು? ರಾಜ ರಾಣಿ ಎಲ್ಲಿ?"

"ಇದಾರಲ್ಲೇ, ಮೇಲೆ. ಸ್ವಿಚ್‌ಬೋರ್ಡ್ ಕೆಳಗೆ."

"ಇವರಿಬ್ಬರೂ ಕಡ್ಲೇಕಾಯಿ ಇದ್ದ ಹಾಗಿದಾರೆ."

"ಎಲ್ಲಾ ಬಂದಿದೆಯಲ್ಲ?"

"ಫ್ಯಾನೂ ಬಂದಿದೆ," ಎಂದು ರಮಾಮಣಿ ಅಣ್ಣನ ಮಗ ವಾಗೀಶನಿಗೆ ಫೋನು ಮಾಡಿದರು.

ವಾಗೀಶ ಸೀರೆ ಅಂಗಡಿಯೊಂದರ ಆನ್‌ಲೈನ್ ಮಾರಾಟಕ್ಕೆ ಫೋಟೋ ತೆಗೆಯುವವನು. ಮಧ್ಯಾಹ್ನ ಬಂದವನು ಮೊದಲು ಮಾಡಿದ ಕೆಲಸವೆಂದರೆ ಅತ್ತೆಯ ಫೋನಿನ ಹಿಂಬದಿಯ ಕ್ಯಾಮೆರಾ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ್ದು. ಒರೆಸಿದ ಅಂಗಿಗೆ ಎಣ್ಣೆ ಹತ್ತಿತು.

"ಇದೊಂದ್ ಮಾಡಿದ್ರೆ ಅರ್ಧ ಸರಿಹೋಗುತ್ತೆ ಅತ್ತೆ. ಈಗ ಲೈಟೆಲ್ಲಾ ಆರಿಸಿ."

"ಲೈಟ್ ಆರಿಸಿದ್ರೆ ಕಾಣುತ್ತೇನೋ?"

"ಟ್ಯೂಬ್‌ಲೈಟ್ ಬೆಳಕು ಒಂದು ಬಣ್ಣ, ಸೀರಿಯಲ್ ಸೆಟ್ಟಿಂದು ಒಂದು ಬಣ್ಣ. ಫೋನಿಗೆ ತಲೆ ಕೆಡುತ್ತೆ. ಕಿಟಕಿ ಬೆಳಕೊಂದೇ ಸಾಕು. ಬಿಸಿಲು ನೇರ ಬೀಳ್ತಿಲ್ಲ, ಒಳ್ಳೇದೇ ಆಯ್ತು."

ಸ್ವಿಚ್‌ಬೋರ್ಡನ್ನು ಮುಚ್ಚಲು ಹಿಂದೆ ಬಿಳಿ ದುಪ್ಪಟಿ ಕಟ್ಟೋಣವೆಂದ. ಅಂಗಡಿಯ ಅಭ್ಯಾಸ. ಹಬ್ಬದ ದಿನ ಪಟ್ಟದ ಗೊಂಬೆಯ ಹಿಂದೆ ಬಿಳಿ ದುಪ್ಪಟಿಯೇ ಎಂದು ರಮಾಮಣಿ ಅವನನ್ನು ದಿಟ್ಟಿಸಿದರು. ಅವನು ಮಾತನ್ನು ಹಿಂತೆಗೆದುಕೊಂಡ. ಅವರ ಮರೂನ್ ಸೀರೆ ಗೋಡೆಗೆ ಏರಿತು. ಹಿಂದಿನದು ಕಪ್ಪಾದಷ್ಟೂ ಮುಂದಿನದು ಎದ್ದು ಬರುತ್ತದೆಂಬುದು ಆಗ ಎಲ್ಲರಿಗೂ ಕಂಡಿತು.

ಗೊಂಬೆಗಳಿದ್ದದ್ದು ತೀರಾ ಮೇಲಿನ ಮೆಟ್ಟಿಲಲ್ಲಿ. ಕೆಳಗಿನಿಂದ ತೆಗೆದರೆ ರಾಣಿಯ ಗಲ್ಲ ಮಾತ್ರ ಬರುತ್ತಿತ್ತು. ವಾಗೀಶ ಎತ್ತರದ ಸ್ಟೂಲಿನ ಮೇಲೆ ಅಕ್ಕಿ ಡಬ್ಬ, ಅದರ ಮೇಲೆ ಫೋನು ಒರಗಿಸಿ ಗೊಂಬೆಯ ಕಣ್ಣಿನ ಮಟ್ಟಕ್ಕೆ ತಂದ. "ಜೂಮ್ ಮಾಡ್ಬೇಡಿ, ಸ್ಟೂಲನ್ನೇ ಹತ್ತಿರ ತಗೊಂಡು ಹೋಗಿ," ಎಂದ. ಪರದೆಯಲ್ಲಿ ರಾಣಿಯ ಮುಖದ ಮೇಲೆ ಬೆರಳಿಟ್ಟು ಕೆಳಕ್ಕೆ ಎಳೆದು ಹೊಳಪು ತಗ್ಗಿಸಿದ. ಆದರೂ ತೊಂದರೆಯೊಂದು ಉಳಿಯಿತು. ಕಿಟಕಿ ಎಡಕ್ಕಿತ್ತು, ರಾಜ ಎಡಕ್ಕಿದ್ದ, ರಾಜನ ನೆರಳು ಪೂರ್ತಿಯಾಗಿ ರಾಣಿಯ ಮುಖದ ಮೇಲಿತ್ತು.

"ರಾಜನ್ನ ಒಂದ್ ಬೆರಳು ಹಿಂದಕ್ಕೆ ಸರಿಸಿ ಅತ್ತೆ."

"ಕಳಶ ಇಟ್ಟಾಗಿದೆ ಕಣೋ. ಇನ್ನು ವಿಜಯದಶಮಿ ರಾತ್ರಿ ಮಲಗಿಸೋವರೆಗೂ ಮುಟ್ಟೋ ಹಾಗಿಲ್ಲ."

"ಒಂದೇ ಬೆರಳು."

"ಅರ್ಧ ಬೆರಳೂ ಇಲ್ಲ. ಕಿಟಕಿ ಸರಿಸು ಬೇಕಾದ್ರೆ."

ಕಿಟಕಿಯನ್ನು ಸರಿಸುವ ಬದಲು ಅದರ ಬೆಳಕನ್ನು ವಾಪಸು ಎಸೆಯಬಹುದು ಎಂದ ವಾಗೀಶ. ಬಲಗಡೆ ಯಾರಾದರೂ ದೊಡ್ಡ ಬಿಳಿ ಬಟ್ಟೆ ಹಿಡಿದು ನಿಂತರೆ ರಾಣಿಯ ಮುಖ ತಿಳಿಯಾಗುತ್ತದೆ. ಬಿಳಿ ದುಪ್ಪಟಿ ಗೊಂಬೆಯ ಹಿಂದೆಯೂ ಬೇಡ, ಪಕ್ಕದಲ್ಲೂ ಬೇಡ ಎಂದರು ರಮಾಮಣಿ. ಪಂಚೆಗಾದರೆ ಅಡ್ಡಿಯಿರಲಿಲ್ಲ, ಆದರೆ ಮನೆಯ ಬಿಳಿ ಪಂಚೆಗಳೆಲ್ಲ ಗೊಂಬೆಯ ಮೆಟ್ಟಿಲುಗಳಿಗೆ ಹಾಸಿದ್ದವು. ಉಳಿದದ್ದು ಒಂದೇ. ಅದು ಗೋವಿಂದರಾಜು ಅವರ ಸೊಂಟದಲ್ಲಿತ್ತು.

"ಇಲ್ಲ ಇಲ್ಲ," ಎಂದರು ಗೋವಿಂದರಾಜು.

"ಯಾರಿದಾರ್ರೀ ಇಲ್ಲಿ? ನಾನು, ವಾಗೀಶ."

"ಒಳಗೆ ಹೋಗಿ ಪ್ಯಾಂಟ್ ಹಾಕ್ಕೊಂಡು ಬರ್ತೀನಿ."

"ಬೆಳಕು ಹೋಗ್ತಿದೆ ಮಾವ."

ಗೋವಿಂದರಾಜು ಪಟ್ಟಾಪಟ್ಟಿ ಚಡ್ಡಿಯಲ್ಲಿ ಬಲಗಡೆ ನಿಂತು ಪಂಚೆಯನ್ನು ಎದೆಯ ಮಟ್ಟಕ್ಕೆ ಎತ್ತಿ, ಸೊಂಟದ ಕೆಳಗೆ ಇಳಿಯದಂತೆ ಮಡಿಸಿ ಹಿಡಿದರು. ರಾಣಿಯ ತುಟಿಯ ನಗು ಹೊರಗೆ ಬಂತು. ವಾಗೀಶ ಎರಡು ಸೆಕೆಂಡಿನ ಟೈಮರ್ ಇಟ್ಟು ಕೈಬಿಟ್ಟ. ಅಲುಗಾಟವಿಲ್ಲದ ಫೋಟೋ ಬಿತ್ತು. ರಮಾಮಣಿ ಕನ್ನಡಕ ಏರಿಸಿ ಅದನ್ನು ದೊಡ್ಡದು ಮಾಡಿ ನೋಡಿದರು.

"ಕಳಶದಲ್ಲಿ ಏನೋ ಇದು, ಗೆರೆಗೆರೆ?"

ಬೆಳ್ಳಿಯ ಕಳಶದ ಹೊಟ್ಟೆಯಲ್ಲಿ ಗೋವಿಂದರಾಜು ಇದ್ದರು, ಚಡ್ಡಿಯ ಪಟ್ಟಿಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಗಿ.

"ಹೊಳೆಯೋ ವಸ್ತು ಇದ್ರೆ ಅದರೊಳಗೇನಿದೆ ಅಂತ ಮೊದಲು ನೋಡ್ಬೇಕು. ಮರೆತೆ," ಎಂದ ವಾಗೀಶ. "ಅಳಿಸಬಹುದು. ತಿದ್ದಿದ್ದು ತಗೊಳಲ್ಲ ಅಂತಾರಲ್ಲ."

"ಸಂಘದೋರೆಲ್ಲ ನೋಡೋ ಫೋಟೋ ಇದು," ಎಂದು ರಮಾಮಣಿ ಗಂಡನತ್ತ ತಿರುಗಿದರು. ಗೋವಿಂದರಾಜು ಇನ್ನೂ ಪಂಚೆ ಎತ್ತಿಕೊಂಡೇ ನಿಂತಿದ್ದರು.

ಆಗ ಮುಂಬಾಗಿಲಲ್ಲಿ ಬಳೆಯ ಸದ್ದಾಯಿತು. "ರಮಾಮಣಿ ಅವ್ರೇ, ಅರಿಶಿನ ಕುಂಕುಮಕ್ಕೆ ಕರೆಯೋಣ ಅಂತ ಬಂದೆ," ಎನ್ನುತ್ತಾ ಮೈತ್ರೇಯಿ ಒಳಗೇ ಬಂದರು. ಗೋವಿಂದರಾಜು ಯೋಚಿಸಲಿಲ್ಲ. ಪಂಚೆಯ ಮಡಿಕೆ ಬಿಚ್ಚಿ, ಎರಡೂ ಕೈ ತಲೆಯ ಮೇಲಕ್ಕೆತ್ತಿ, ಪೂರ್ತಿ ಅದರ ಹಿಂದೆ ಮರೆಯಾದರು. ಹೊರಗೆ ಉಳಿದದ್ದು ಎಂಟು ಬೆರಳು ಮತ್ತು ಎರಡು ಪಾದ.

ಹಜಾರದ ಬಲಭಾಗ ಬೆಳಗಿತು. ಕಳಶದಲ್ಲಿ ಈಗ ಬರೀ ಬಿಳುಪು.

"ಹಾಗೇ ಇರಿ ಮಾವ, ಉಸಿರಾಡ್ಬೇಡಿ," ಎಂದು ವಾಗೀಶ ಮತ್ತೆ ಟೈಮರ್ ಒತ್ತಿದ.

"ಏನ್ರೀ, ಅಂತರಪಟ ಹಿಡಿದಿದೀರಿ? ಯಾರ ಮದುವೆ?" ಎಂದರು ಮೈತ್ರೇಯಿ.

"ಪಟ್ಟದ ಗೊಂಬೇದು. ಪ್ರತಿವರ್ಷ ಮಾಡ್ತೀವಿ," ಎಂದರು ರಮಾಮಣಿ, ಮುಖ ಬಿಗಿಹಿಡಿದು.

"ಪಾದ ಯಾರದು?"

"ಪುರೋಹಿತರದು. ಬನ್ನಿ, ಅಡುಗೆಮನೇಲಿ ಕೂತ್ಕೊಳಣ, ಕಾಫಿ ಕೊಡ್ತೀನಿ."

ಸಂಜೆಗೆ ಎರಡು ಫೋಟೋ ಉಳಿದವು. ಒಂದರಲ್ಲಿ ಬರೀ ರಾಜ, ರಾಣಿ, ಕಳಶ. ಇನ್ನೊಂದು ವಾಗೀಶ ಆಮೇಲೆ ದೂರದಿಂದ ತೆಗೆದದ್ದು, ಅದರಲ್ಲಿ ಏಳೂ ಮೆಟ್ಟಿಲು. ಕಳಿಸಬಹುದಾದದ್ದು ಒಂದೇ. ಶೆಟ್ಟರ ಅಂಗಡಿ, ಆನೆಗಳ ಸಾಲು, ತಾವೇ ಮೊಳಕೆ ಬರಿಸಿದ ರಾಗಿ ಪೈರಿನ ತೋಟ, ವಾರವಿಡೀ ಬೆನ್ನು ಬಗ್ಗಿಸಿ ಜೋಡಿಸಿದ್ದೆಲ್ಲ ಆ ಎರಡನೆಯದರಲ್ಲಿತ್ತು. ನಗು ಇರಲಿಲ್ಲ.

"ಎಲ್ಲಾ ಬಂದಿರೋದನ್ನೇ ಕಳಿಸೋದು ಕ್ಷೇಮ," ಎಂದರು ಗೋವಿಂದರಾಜು, ಪಂಚೆ ಸರಿಯಾಗಿ ಉಟ್ಟುಕೊಂಡು.

ರಮಾಮಣಿ ಎರಡನ್ನೂ ಇನ್ನೊಮ್ಮೆ ನೋಡಿದರು. "ಎಲ್ಲಾ ಬಂದಿರೋದನ್ನ ಇಷ್ಟು ವರ್ಷ ತೋರಿಸಿದೀನಿ," ಎಂದು ರಾಣಿಯ ಫೋಟೋವನ್ನು ಒತ್ತಿದರು. ಫೋಟೋ ಎಂದು ಕಳಿಸಿದರೆ ಮಸುಕಾಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ ಎಂದು ವಾಗೀಶ ಹೇಳಿದ್ದ. ಹಾಗೆಯೇ ಕಳಿಸಿದರು.

ವಿಜಯದಶಮಿಯ ಮಾರನೆಯ ದಿನ ಫಲಿತಾಂಶ ಬಂತು. ಫೋಟೋ ಸಾಕೆಂದ ಮೇಲೆ ಬೇರೆ ಬಡಾವಣೆಯವರೂ ಕಳಿಸಿದ್ದರು, ಮೊದಲ ಬಹುಮಾನ ವಿದ್ಯಾರಣ್ಯಪುರಂನ ಯಾರಿಗೋ ಹೋಗಿತ್ತು. ರಮಾಮಣಿಯವರಿಗೆ ಎರಡನೆಯದು ಬಂತು, ಮೈತ್ರೇಯಿಯವರಿಗೆ ಮೂರನೆಯದು.