ಕನ್ನಡಿಯ ಮುಖ ಯಾರ ಕಡೆಗೆ

“ಏನೋ, ಆ ಕಾಲು ನಿಂದೋ, ಬಾಡಿಗೆಗೆ ತಂದಿದ್ದೋ?”

ಯಜಮಾನ ಹೀಗೆ ಕೇಳಿದ್ದು ಗಾಜಿನಂಗಡಿಯ ನಟ್ಟನಡುವೆ, ಗಿರಾಕಿಗಳ ಎದುರಿಗೆ. ಕಿಟಕಿಯ ಗಾಜು ಹಿಡಿದು ಹೊಸ್ತಿಲು ದಾಟುವಾಗ ನಾನು ಮುಗ್ಗರಿಸಿದ್ದೆ. ಗಾಜು ಒಡೆಯಲಿಲ್ಲ. ಒಡೆದಿದ್ದರೆ ಬೈಗುಳ ಸಿಗುತ್ತಿತ್ತು, ಒಡೆಯದ್ದಕ್ಕೆ ನಗು ಸಿಕ್ಕಿತು. ಬಚ್ಚಲಿಗೆ ಕನ್ನಡಿ ಕೊಳ್ಳಲು ಬಂದಿದ್ದ ಗಂಡ ಹೆಂಡತಿಯೂ ಹಲ್ಲು ಬಿಟ್ಟರು.

“ಬಾಡಿಗೆದೇ ಸಾರ್. ಅದಕ್ಕೇ ಹುಷಾರಾಗಿ ನೋಡ್ಕೊಂಡು ನೋಡ್ಕೊಂಡು ಇಡ್ತಾನೆ,” ಎಂದ ಗಾಜು ಕತ್ತರಿಸುವವನು.

ಯಜಮಾನ ನಗು ನಿಲ್ಲಿಸಿದ. “ಇವತ್ತು ಸಲೂನಿನ ದೊಡ್ಡ ಕನ್ನಡಿ ಇದೆ. ನಿಮ್ಮ ಮಾವನ ಜೊತೆ ಎತ್ತಿ ಮೇಲಕ್ಕೆ ಮುಟ್ಟಿಸಿದೆಯೋ, ಸರಿ. ಇಲ್ಲಾಂದ್ರೆ ನಾಳೆಯಿಂದ ಡ್ರೈವರ್ ಎತ್ತುತ್ತಾನೆ. ನೀನು ಇಲ್ಲೇ ಕೂತು ಗಾಜು ಒರೆಸು.”

ಮಾವ ಅಂದರೆ ನನ್ನ ಅಮ್ಮನ ತಮ್ಮ. ನಾನು ಶಾಲೆ ಬಿಟ್ಟು ಬೀದಿ ಅಳೆಯುತ್ತಿದ್ದಾಗ ಕೈಹಿಡಿದು ಈ ಕೆಲಸಕ್ಕೆ ಎಳೆದುಕೊಂಡು ಬಂದವನು. ಅವತ್ತಿನಿಂದ ದೊಡ್ಡ ಗಾಜೆಂದರೆ ನಾವಿಬ್ಬರೇ ಜೋಡಿ. ನನಗೆ ಬರುವುದು ಇದೊಂದೇ. ಇದನ್ನೂ ಕಿತ್ತುಕೊಂಡರೆ ನಾನು ಯಾರು? ಒರೆಸುವ ಬಟ್ಟೆ ಹಿಡಿದ ಒಂದು ಕೈ, ಅಷ್ಟೇ.

ಮಾವ ಅಲ್ಲೇ, ಗೋಡೆಗೆ ಒರಗಿಸಿದ್ದ ಗಾಜುಗಳ ನಡುವೆ ರಟ್ಟು ತುರುಕುತ್ತಲೇ ಇದ್ದ.

ಮೊದಲ ಸಲ ಕಾಲು ಉಳುಕಿದ್ದು ಕೆಲಸದಲ್ಲೂ ಅಲ್ಲ. ಬರಿಗೈಲಿ ಬಸ್ಸಿಳಿಯುವಾಗ, ಫುಟ್‌ಪಾತಿನ ಅಂಚಿನಲ್ಲಿ ಪಾದ ಒಳಕ್ಕೆ ಮಡಚಿತು. ಊತ ಇಳಿಯಿತು, ನೋವು ಹೋಯಿತು, ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗಿತ್ತು. ಆದರೂ ಸಮತಟ್ಟಾದ ರಸ್ತೆಯಲ್ಲಿ ಆ ಪಾದ ಮತ್ತೆ ಮತ್ತೆ ಮಡಚುತ್ತಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ನನ್ನನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಪಾದ ಹಿಡಿದುಕೊಂಡಳು.

“ಈಗ ಹೇಗಿದೆ?”

“ನೆಟ್ಟಗಿದೆ.”

“ಕಣ್ಣು ಬಿಡಿ.”

ಬಿಟ್ಟೆ. ಪಾದ ಅವಳ ಕೈಯಲ್ಲಿ ಒಳಕ್ಕೆ ತಿರುಗಿ ಸೊಟ್ಟಗೆ ನಿಂತಿತ್ತು. ನನ್ನ ಕಾಲು ನನಗೇ ಸುಳ್ಳು ಹೇಳಿತ್ತು.

“ಕೀಲು ಯಾವ ಕಡೆ ಬಾಗಿದೆ ಅಂತ ಅದೇ ನಮಗೆ ಹೇಳ್ತಾ ಇರುತ್ತೆ, ನಾವು ನೋಡದಿದ್ರೂ,” ಎಂದಳು. “ಕೀಲನ್ನ ಹಿಡಿದಿಡೋ ಲಿಗಮೆಂಟ್ ಹರಿದಾಗ ಆ ಸುದ್ದಿನೂ ಕೆಡುತ್ತೆ. ಪಾದ ವಾಲಿದ್ದು ನಿಮಗೆ ತಡವಾಗಿ ಗೊತ್ತಾಗುತ್ತೆ. ಅಷ್ಟರಲ್ಲಿ ಮತ್ತೆ ಉಳುಕಿರುತ್ತೆ. ಅಭ್ಯಾಸ ಮಾಡಿದ್ರೆ ಸುಧಾರಿಸುತ್ತೆ, ಆದ್ರೆ ಬಿಡದೆ ಬರಬೇಕು.”

ಅವಳು ಹೇಳಿದ ಹಾಗೆ ಮನೆಯಲ್ಲಿ ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಂತೆ. ಪಾತ್ರೆಗಳ ಸಮೇತ ಬಿದ್ದೆ. “ಕೊಕ್ಕರೆಗೆ ಮೀನು ಸಿಕ್ತಾ?” ಎಂದಳು ಅಮ್ಮ. ಅಕ್ಕ ಬಿದ್ದು ಬಿದ್ದು ನಕ್ಕಳು. ಮತ್ತೆ ನಾನು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮಾವನಿಗೆ ಮಾತ್ರ “ಎಲ್ಲಾ ವಾಸಿಯಾಯ್ತು” ಎಂದಿದ್ದೆ.

ಸಲೂನು ಇದ್ದದ್ದು ಮಹಡಿಯ ಮೇಲೆ, ಇಕ್ಕಟ್ಟಾದ ಮೆಟ್ಟಿಲು. ದೊಡ್ಡ ಕನ್ನಡಿಯನ್ನು ಇಬ್ಬರೂ ಒಂದೇ ಬದಿಯಲ್ಲಿ ನಿಂತು, ಎದೆಯ ಮುಂದೆ ನಿಲ್ಲಿಸಿಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಹತ್ತಿಸಬೇಕು. ಕನ್ನಡಿಯ ಬೆನ್ನು ಯಾವಾಗಲೂ ಹೊರುವವರ ಕಡೆಗಿರಬೇಕು. ಮುಖ ನಮ್ಮ ಕಡೆಗಿದ್ದರೆ ಮೆಟ್ಟಿಲೆಲ್ಲಾ ಎರಡೆರಡಾಗಿ ಕಂಡು ತಲೆ ಸುತ್ತುತ್ತದೆ. ಕೆಲಸಕ್ಕೆ ಸೇರಿದಾಗ ಮಾವ ಕಿವಿ ಹಿಂಡಿ ಕಲಿಸಿದ್ದು ಇದನ್ನೇ.

ವ್ಯಾನಿನಿಂದ ಇಳಿಸುವಾಗ ನಾನು ಅಂದೆ, “ಮಾವ, ಮುಖ ನಮ್ಮ ಕಡೆಗೇ ಇರಲಿ. ಆ ಮೆಟ್ಟಿಲ ಗೋಡೆ ಒರಟು, ಗೀಚಿಹೋಗುತ್ತೆ.”

ಮಾವ ಗೋಡೆ ನೋಡಿದ. ನನ್ನನ್ನು ನೋಡಿದ. ಗೋಡೆ ನುಣ್ಣಗಿತ್ತು.

“ಸರಿ, ತಿರುಗಿಸು,” ಎಂದ.

ಹತ್ತತೊಡಗಿದೆವು. ಮುಂದೆ ನಾನು, ಕೆಳಗೆ ಮಾವ. ಭಾರದ ಹೆಚ್ಚು ಪಾಲು ಅವನ ಕಡೆಗೆ. ನಾನು ಕನ್ನಡಿಯೊಳಗಿನ ನನ್ನ ಪಾದವನ್ನೇ ನೋಡುತ್ತಿದ್ದೆ. ಕಾಲು ಹೇಳದ್ದನ್ನು ಕನ್ನಡಿ ಹೇಳುತ್ತಿತ್ತು: ಹಿಮ್ಮಡಿ ಮೆಟ್ಟಿಲ ಮೇಲಿದೆ, ಬೆರಳು ನೆಟ್ಟಗಿದೆ, ಊರು, ಇನ್ನೊಂದು ಎತ್ತು. ಯಜಮಾನನ ಮುಖಕ್ಕೆ ಹೊಡೆದಂತೆ ನಡೆಯುತ್ತೇನೆ ಅಂದುಕೊಂಡೆ. ನಾಳೆ ಆ ಗಾಜು ಕತ್ತರಿಸುವವನು ಹೇಗೆ ನಗುತ್ತಾನೋ ನೋಡುತ್ತೇನೆ.

ಮೆಟ್ಟಿಲು ತಿರುಗುವ ಕಡೆ ತಲೆಯ ಮೇಲೊಂದು ತೊಲೆ. ಅದನ್ನು ತಪ್ಪಿಸಲು ಕನ್ನಡಿಯ ಮೇಲಂಚನ್ನು ಆಚೆಗೆ ವಾಲಿಸಬೇಕು. ವಾಲಿಸಿದೆವು. ನನ್ನ ಪಾದ ಕನ್ನಡಿಯಿಂದ ಮಾಯವಾಯಿತು. ಸೂರು, ಒಂದು ಬಲ್ಬು, ಜೇಡರಬಲೆ, ಬೇರೇನೂ ಇಲ್ಲ.

ಕಾಲು ಎತ್ತಿದ್ದೆ. ಇಟ್ಟೆನೋ ಇಲ್ಲವೋ? ಏನೋ ತಗುಲಿತು, ಆದರೆ ಪಾದ ನೆಟ್ಟಗಿದೆಯೋ, ಅಂಚಿನಲ್ಲಿ ವಾಲಿದೆಯೋ? ಬಗ್ಗಿ ನೋಡಿದರೆ ಕನ್ನಡಿ ಇನ್ನೂ ವಾಲುತ್ತದೆ.  ಕೆಳಗೆ ಮಾವನ ಬರಿಯ ಕತ್ತು, ಕನ್ನಡಿಯ ಚೂಪಾದ ಅಂಚಿಗೆ ಒಂದು ಗೇಣು ದೂರದಲ್ಲಿ. ಅವನು ಉಸಿರಾಡುವುದು ಕೇಳುತ್ತಿತ್ತು. ಅವನು ಅವಸರ ಮಾಡಲಿಲ್ಲ, ಕೂಗಲಿಲ್ಲ. ಕಾಯುತ್ತಿದ್ದ.

ಮೆಟ್ಟಿಲ ನಡುವೆ ಗಾಜು ಹೊತ್ತವರು ಯಾರೂ ಆಡದ ಮಾತು ನನ್ನ ಬಾಯಿಂದ ಬಂತು.

“ಇಳಿಸಿ ಮಾವ.”

“ಅಲ್ಲಾಡಬೇಡ. ಹಾಗೇ ಇರು,” ಎಂದ ಮಾವ, ಮೆಲ್ಲಗೆ. ಆಮೇಲೆ ಕೆಳಗೆ ನೋಡಿ, “ಬಾರಪ್ಪಾ,” ಎಂದು ಕೂಗಿದ.

ಡ್ರೈವರ್ ತಕ್ಷಣ ಬಂದ. ವ್ಯಾನ್ ಬಿಟ್ಟು ಎಂದೂ ಕೆಳಗಿಳಿಯದ ಮನುಷ್ಯ ಮೊದಲ ಮೆಟ್ಟಿಲ ಬಳಿಯೇ ನಿಂತಿದ್ದ. ಎರಡೂ ಕೈಗೆ ಗ್ಲೌಸು ಹಾಕಿಕೊಂಡೇ ಇದ್ದ. ಗೋಡೆಗೆ ಅಂಟಿಕೊಂಡು ನನ್ನ ಪಕ್ಕಕ್ಕೆ ನುಸುಳಿ ಬಂದು, ನನ್ನ ಕೈಯ ಕೆಳಗೆ ತನ್ನ ಕೈ ಕೊಟ್ಟು, “ಬಿಡು ತಮ್ಮಾ, ಸಿಕ್ತು ನಂಗೆ,” ಎಂದ.

ಬಿಟ್ಟೆ. ಇಬ್ಬರೂ ಕನ್ನಡಿಯನ್ನು ತೊಲೆಯಿಂದಾಚೆ ದಾಟಿಸಿ, ತಿರುವಿನ ಸಮತಟ್ಟಿನಲ್ಲಿ ನಿಲ್ಲಿಸಿ, ಬೆನ್ನು ತಮ್ಮ ಕಡೆಗೆ ಬರುವಂತೆ ತಿರುಗಿಸಿಕೊಂಡರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಸಲೂನಿನ ಹೆಂಗಸರು ಮೇಲಿಂದ ಬಗ್ಗಿ ನೋಡುತ್ತಿದ್ದರು.

“ಮುಖ ನಮ್ಮ ಕಡೆಗಿರಲಿ ಅಂದೆಯಲ್ಲ, ಆಗಲೇ ಗೊತ್ತಾಯ್ತು ಕಣೋ,” ಎಂದ ಮಾವ. “ನೀನೇ ಬಾಯಿ ಬಿಡ್ತೀಯೋ ಇಲ್ವೋ ಅಂತ ನೋಡ್ತಿದ್ದೆ.”

ತನ್ನ ಕತ್ತನ್ನೇ ಪಣಕ್ಕಿಟ್ಟು ನೋಡುತ್ತಿದ್ದನಂತೆ! ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ಅಂಗಾಲು ಎಲ್ಲಿದೆಯೋ ಆ ದೇವರಿಗೇ ಗೊತ್ತು. ಮೊದಲೇ ಎರಡು ಬಾರಿಸಿ ಮನೆಗೆ ಕಳಿಸಿದ್ದರೆ ಆಗುತ್ತಿರಲಿಲ್ಲವೇ? ಡ್ರೈವರ್ ನನ್ನ ಜಾಗದಲ್ಲಿ ಕಾಲು ಅಗಲಿಸಿ ನಿಂತಿದ್ದ. ಒಮ್ಮೆಯೂ ಕೆಳಗೆ ನೋಡದೆ.

“ನಾಳೆ ಆಸ್ಪತ್ರೆಗೆ ಹೋಗು. ಯಜಮಾನನಿಗೆ ನಾನು ಹೇಳ್ತೀನಿ. ಹೋಗ್ತೀಯಾ?”

ನಾನು ಇಳಿಯತೊಡಗಿದೆ.

“ಏಯ್, ಕೇಳಿಸ್ತೇನೋ? ಹೋಗ್ತೀಯಾ ಇಲ್ವಾ?”

ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲನ್ನು ಕಣ್ಣಿಂದ ನೋಡಿ ನೋಡಿ ಇಳಿದು, ವ್ಯಾನ್ ಹತ್ತದೆ ಅದರ ಪಕ್ಕದಲ್ಲೇ ಹಾದು ಬೀದಿಗೆ ನಡೆದೆ.